ನಲವತ್ತು ನಿಮಿಷದ ಮಳೆ

ಮೂರನೆಯ ಒದೆತಕ್ಕೂ ಗಾಡಿ ಸ್ಟಾರ್ಟ್ ಆಗದಿದ್ದಾಗ ಅವಳಿಗೆ ಒಳಗೊಳಗೇ ಖುಷಿಯಾಯಿತು. ಆಗದೇ ಇರಲಿ. ಇನ್ನೂ ಎರಡು ಸಲ ಒದೆಯುತ್ತೇನೆ, ಆಗಲೂ ಆಗದಿದ್ದರೆ ಅವರು ಕಿಟಕಿಯಿಂದ ನೋಡುತ್ತಾರೆ, ಕನ್ನಡಕ ತೆಗೆದು ಅಂಗಿಯ ಜೇಬಿಗಿಟ್ಟುಕೊಂಡು ಹೊರಗೆ ಬರುತ್ತಾರೆ, ಮಳೆಗೆ ಇಳಿಯುವ ಮೊದಲು ಅವರು ಯಾವಾಗಲೂ ಹಾಗೇ ಮಾಡುವುದು, ಪ್ಲಗ್ಗಿಗೆ ನೀರು ಹೋಗಿರಬೇಕು ಅನ್ನುತ್ತಾರೆ, ಬಗ್ಗುತ್ತಾರೆ, ಆಗ ಅವರ ಮುಖ ಕಾಣುವುದಿಲ್ಲ, ಬೆನ್ನಿಗೆ ಹೇಳಿಬಿಡುತ್ತೇನೆ. ಬೆನ್ನಿಗೆ ಹೇಳುವುದು ಸುಲಭ. ಆದರೆ ನಾಲ್ಕನೆಯ ಒದೆತಕ್ಕೆ ಗಾಡಿ ಎಂದೂ ಇಲ್ಲದ ನಿಯತ್ತಿನಿಂದ ಗುಡುಗಿಬಿಟ್ಟಿತು. ಕಿಟಕಿಯಲ್ಲಿ ಅವರ ತಲೆ ಎದ್ದಿತು, ಕೈ ಎದ್ದಿತು, ಸರಿ ಹೊರಡಿ ಎನ್ನುವ ಹಾಗೆ ಒಂದು ಸಲ ಆಡಿತು. ಅವಳೂ ಕೈ ಎತ್ತಬೇಕೆಂದುಕೊಂಡಳು. ಎರಡೂ ಕೈ ಹ್ಯಾಂಡಲ್ಲಿನ ಮೇಲಿದ್ದವು, ಒಂದನ್ನು ಬಿಟ್ಟರೆ ಎಂಜಿನ್ ನಿಂತುಹೋದೀತು. ನಿಲ್ಲಲಿ ಎಂದು ಈಗಷ್ಟೇ ಬೇಡಿಕೊಂಡವಳು ತಾನೇ ಎಂಬುದನ್ನು ಮರೆತು ಆಕ್ಸಿಲರೇಟರ್ ತಿರುಗಿಸಿದಳು. ಗೇಟು ದಾಟಿದ ಮೇಲೆ ತಲೆಯಾಡಿಸಿದಳು, ಹೆಲ್ಮೆಟ್ಟಿನೊಳಗೆ, ಯಾರಿಗೂ ಕಾಣದ ಹಾಗೆ. ಎರಡೂವರೆ ವರ್ಷ ಎದುರು ಮೇಜಿನಲ್ಲಿ ಕೂತಿದ್ದ ಮನುಷ್ಯನಿಗೆ ಅವಳು ಹೇಳಿದ ವಿದಾಯ ಅಷ್ಟೇ.

ಹವಾಮಾನ ಕೇಂದ್ರವೆಂದರೆ ದೊಡ್ಡದೇನಲ್ಲ. ತಂತಿಬೇಲಿಯ ನಡುವೆ ಒಂದು ಹುಲ್ಲಿನ ಚೌಕ, ಅದರಲ್ಲಿ ನಾಲ್ಕು ಕಾಲಿನ ಮೇಲೆ ನಿಂತ ಬಿಳಿ ಜಾಲರಿ ಪೆಟ್ಟಿಗೆ, ಮೊಣಕಾಲೆತ್ತರದ ಮಳೆಮಾಪಕ. ಪಕ್ಕದಲ್ಲಿ ಒಂದೇ ಕೋಣೆಯ ಕಟ್ಟಡ, ಎರಡು ಮೇಜು, ಒಂದು ಫೋನು, ಬಾಗಿಲು ಎಷ್ಟು ಒತ್ತಿದರೂ ಮುಚ್ಚದ ತಗಡಿನ ಬೀರು. ಕೆಲಸಕ್ಕೆ ಇಬ್ಬರು, ಹಿರಿಯ ವೀಕ್ಷಕರು ಮತ್ತು ಅವಳು. ಬೆಳಿಗ್ಗೆ ಎಂಟೂವರೆಗೆ, ಸಂಜೆ ಐದೂವರೆಗೆ ಇಬ್ಬರೂ ಹುಲ್ಲಿಗೆ ಇಳಿಯಬೇಕು. ಅವರು ಮಾಪಕದ ತಲೆಯ ಆಲಿಕೆಯನ್ನು ಎತ್ತಿ, ಒಳಗಿನ ಶೀಸೆ ತೆಗೆದು, ಅದರ ನೀರನ್ನು ಅಳತೆಯ ಗಾಜಿಗೆ ಸುರಿದು, ಒಂದು ಮೊಣಕಾಲೂರಿ, ಗಾಜನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ಎಷ್ಟು ಮಿಲಿಮೀಟರೆಂದು ಅಂಕಿ ಕೂಗುವುದು. ಅವಳು ಅದನ್ನು ತಿರುಗಿ ಹೇಳಿ, ಅಲ್ಲೇ ನಿಂತು, ಕೈಪುಸ್ತಕದಲ್ಲಿ ಪೆನ್ಸಿಲಿನಿಂದ ಬರೆದುಕೊಳ್ಳುವುದು. ಒಳಗೆ ಬಂದ ಮೇಲೆ ದೊಡ್ಡ ರಿಜಿಸ್ಟರಿಗೆ ಪೆನ್ನಿನಲ್ಲಿ ಇಳಿಸುವುದು, ಮುಖ್ಯ ಕಚೇರಿಗೆ ಫೋನಿನಲ್ಲಿ ಹೇಳುವುದು. ಕೂಗಿದ್ದನ್ನು ಇನ್ನೊಬ್ಬರು ತಿರುಗಿ ಹೇಳದಿದ್ದರೆ ಅದು ಅಂಕಿಯೇ ಅಲ್ಲ ಎನ್ನುವುದು ಅಲ್ಲಿನ ನಿಯಮ. ಸೇರಿದ ಮೊದಲ ದಿನ ಅವಳನ್ನು ಹೆದರಿಸಿದ್ದು ಅದೇ. ಡಿಗ್ರಿಯ ಮೌಖಿಕ ಪರೀಕ್ಷೆಯಲ್ಲಿ ಹೊರಗಿನಿಂದ ಬಂದ ಪರೀಕ್ಷಕರು, "ಏನಮ್ಮ, ನನಗೆ ಹೇಳ್ತಿದ್ದೀಯೋ ನಿನ್ನ ದಾವಣಿಗೆ ಹೇಳ್ತಿದ್ದೀಯೋ?" ಎಂದಾಗ ಇಡೀ ಸಾಲು ನಕ್ಕಿತ್ತು. ಅಂಗಡಿಯಲ್ಲಿ, ಬಸ್ಸಿನಲ್ಲಿ, ಮನೆಯಲ್ಲಿ, ಎಲ್ಲೆಲ್ಲೂ ಜೋರಾಗಿ ಹೇಳು, ಜೋರಾಗಿ ಹೇಳು. ಅವರು ಮಾತ್ರ ಒಂದು ದಿನವೂ ಜೋರಾಗಿ ಹೇಳಿ ಅನ್ನಲಿಲ್ಲ. ಅವಳು ತಿರುಗಿ ಹೇಳುವಾಗ ಸ್ವಲ್ಪ ಕಿವಿ ಈಚೆ ಮಾಡುತ್ತಿದ್ದರು, ಅಷ್ಟೇ. ಆ ಒಂದಿಷ್ಟು ವಾಲುವಿಕೆಗಾಗಿ ಅವಳು ಬೆಳಿಗ್ಗೆ ಎಂಟೂವರೆಯನ್ನೂ ಸಂಜೆ ಐದೂವರೆಯನ್ನೂ ಕಾಯುವುದಕ್ಕೆ ಶುರುಮಾಡಿದ್ದು ಯಾವಾಗಿನಿಂದ ಎಂದು ಡೈರಿಯಲ್ಲಿ ಹುಡುಕಿದರೆ ತಾರೀಖು ಸಿಗುತ್ತಿರಲಿಲ್ಲ. ಡೈರಿಯಲ್ಲಿ ಅವರ ಬಗ್ಗೆ ಒಂದು ವಾಕ್ಯವೂ ಇರಲಿಲ್ಲ. ದಿನದ ಕೊನೆಗೆ ಒಂದು ಅಂಕಿ ಇರುತ್ತಿತ್ತು. ಮಳೆಯಿಲ್ಲದ ದಿನ ಸೊನ್ನೆ. ಸೊನ್ನೆಯನ್ನೂ ಅವರು ಕೂಗುತ್ತಿದ್ದರು, ಅವಳು ತಿರುಗಿ ಹೇಳುತ್ತಿದ್ದಳು.

ಮಳೆ ಓರೆಯಾಗಿ ಹೊಡೆಯುತ್ತಿತ್ತು. ಹೆಲ್ಮೆಟ್ಟಿನ ಗಾಜು ಒಳಗಿನಿಂದ ಮಂಜಾಗಿ, ಹೊರಗಿನಿಂದ ನೀರಾಗಿ, ಎದುರಿನ ದೀಪಗಳೆಲ್ಲ ಕಲಸಿಹೋದವು. ಗಾಜನ್ನು ಅರ್ಧ ಎತ್ತಿದರೆ ಹನಿಗಳು ಕಣ್ಣಿಗೇ ಚುಚ್ಚುತ್ತವೆ. ಮಳೆಯಲ್ಲಿ ಬ್ರೇಕ್ ನಂಬಬೇಡ, ಗೇರ್ ಇಳಿಸು. ರಸ್ತೆಯ ಬಿಳಿ ಪಟ್ಟೆಯ ಮೇಲೆ ಚಕ್ರ ಹತ್ತಿಸಬೇಡ, ಸೋಪಿನ ಹಾಗೆ ಜಾರುತ್ತೆ. ಮುಂದೆ ದೊಡ್ಡ ಗಾಡಿ ಇದ್ದರೆ ಅದರ ಚಕ್ರ ಹೋದ ಗೆರೆಯಲ್ಲೇ ಹೋಗು, ಅಲ್ಲಿ ಒಂದು ಗಳಿಗೆ ನೀರು ಕಡಿಮೆ ಇರುತ್ತೆ. ಇವೆಲ್ಲ ಅತ್ತೆಯ ಪಾಠ. ಗಾಡಿಯೂ ಅತ್ತೆಯದೇ. ಇಪ್ಪತ್ತೆರಡು ವರ್ಷ ಲಸಿಕೆಯ ಐಸ್ ಪೆಟ್ಟಿಗೆಯನ್ನು ಹಿಂದಿನ ಸೀಟಿಗೆ ಕಟ್ಟಿಕೊಂಡು ಹಳ್ಳಿಹಳ್ಳಿ ತಿರುಗಿದವರು. ಮಂಡಿ ಕೈಕೊಟ್ಟ ಮೇಲೆ ಅಣ್ಣನ ಮಗಳಿಗೆ ಕೀಲಿ ಕೊಟ್ಟು, "ನನ್ನ ಮುದುಕನನ್ನ ಜೋಪಾನ ಮಾಡು, ಮಳೇಲಿ ನೆನೆಸಿದ್ರೆ ನಿನ್ನ ಮೂಗು ಕೊಯ್ತೀನಿ" ಎಂದಿದ್ದರು. ಮುದುಕ ಎಂದರೆ ಗಾಡಿ. ಸಂಜೆ ಅವಳು ಮನೆ ತಲುಪಿದರೆ ಅತ್ತೆ ಮೊದಲು ಮುಟ್ಟಿ ನೋಡುವುದು ಎಂಜಿನ್ನನ್ನು, ಆಮೇಲೆ ಅವಳನ್ನು. ಮೂರನೆಯದಾಗಿ ಕೇಳುವುದು ಒಂದೇ ಪ್ರಶ್ನೆ, "ಇವತ್ತು ಎಷ್ಟು ಬಿತ್ತು?"

ಪೆಟ್ರೋಲ್ ಬಂಕಿನ ಛಾವಣಿ ಕಂಡು, ಗಾಜು ಒರೆಸಿಕೊಳ್ಳೋಣವೆಂದು ನಿಲ್ಲಿಸಿದಳು. ಒರೆಸುವುದಕ್ಕೆ ಅರ್ಧ ನಿಮಿಷ ಸಾಕಿತ್ತು. ಹತ್ತು ನಿಮಿಷ ನಿಂತಳು. ಅಲ್ಲಿ ಮಳೆಗೆ ನಿಂತಿದ್ದ ಲಾರಿಯವನೊಬ್ಬ ಗಾಡಿಯನ್ನು ಸುತ್ತುಹಾಕಿ ನೋಡಿ, "ಯಾರದಮ್ಮ ಗಾಡಿ, ಯಜಮಾನರದಾ?" ಎಂದ. ಅತ್ತೆಯದು ಎಂದಳು. "ಏನು?" ಎಂದ. ಅತ್ತೆಯದು. ಮಳೆ ಛಾವಣಿಯ ತಗಡಿನ ಮೇಲೆ ಬಡಿಯುತ್ತಿತ್ತು. "ಎತ್ತಿಕೊಂಡು ಬಂದಿದ್ದಾ?" ಎಂದು ಅವನು ನಕ್ಕ, ಪಕ್ಕದವರೂ ನಕ್ಕರು, ಅವಳೂ ನಗುವ ಹಾಗೆ ತುಟಿ ಅಗಲ ಮಾಡಿದಳು. ಮಧ್ಯಾಹ್ನ ಹಿರಿಯ ವೀಕ್ಷಕರ ಬೀಳ್ಕೊಡುಗೆಯ ಟೀಗೆ ಬಂದಿದ್ದ ಪಕ್ಕದ ನೀರಾವರಿ ಕಚೇರಿಯವರು ನಕ್ಕದ್ದೂ ಹೀಗೇ. ಎರಡು ಮಾತಾಡಮ್ಮ ಎಂದು ಅವಳನ್ನು ಎಬ್ಬಿಸಿದ್ದರು. ಅವಳು ಎದ್ದು, ಬಿಸ್ಕತ್ತಿನ ತಟ್ಟೆಯನ್ನು ನೋಡುತ್ತ, ಥ್ಯಾಂಕ್ಸ್ ಸರ್ ಎಂದಳು. "ಮೈಕ್ ತರಿಸ್ರಪ್ಪ!" ಎಂದರು ಒಬ್ಬರು. ಅವರು ಮಾತ್ರ ಕಿವಿಯನ್ನು ಸ್ವಲ್ಪ ಈಚೆ ಮಾಡಿ, "ಕೇಳಿಸಿತು" ಎಂದರು. ಆ ಥ್ಯಾಂಕ್ಸಿನ ಹಿಂದೆ ಹೇಳಬೇಕಾಗಿದ್ದ ಇನ್ನೊಂದು ವಾಕ್ಯ ಬಿಸ್ಕತ್ತಿನ ಪುಡಿಯ ಹಾಗೆ ಬಾಯೊಳಗೇ ನಿಂತಿತ್ತು. ಎಂಟು ವಾರದಿಂದ ನಿಂತಿತ್ತು.

ಎಂಟು ವಾರದ ಹಿಂದೆ, ಹತ್ತೊಂಬತ್ತನೇ ತಾರೀಖಿನ ಬೆಳಿಗ್ಗೆ. ಹಿಂದಿನ ಇಡೀ ರಾತ್ರಿ ಸುರಿದು ಆಕಾಶ ತೊಳೆದಿಟ್ಟ ಹಾಗಿತ್ತು. ಶೀಸೆಯ ನೀರನ್ನು ಮೂರು ಸಲ ಗಾಜಿಗೆ ತುಂಬಿ ತುಂಬಿ ಅಳೆದು, ಕೂಡಿಸಿ, ಅವರು ಕೂಗಿದರು: ಅರವತ್ತಮೂರು ಪಾಯಿಂಟ್ ಎರಡು. ಅರವತ್ತಮೂರು ಪಾಯಿಂಟ್ ಎರಡು, ಎಂದಳು. ಬರೆಯಹೋದರೆ ಪೆನ್ಸಿಲಿನ ಮೊನೆ ಮುರಿದು ಕಾಗದದ ಮೇಲೆ ಉರುಳಿತು. ಒಂದು ನಿಮಿಷ ಸರ್, ಪೆನ್ಸಿಲ್ ಮುರೀತು ಎಂದರೆ ಮುಗಿಯುತ್ತಿತ್ತು. ಅಷ್ಟು ಅನ್ನಲಾರದೆ ಬರೆದವಳ ಹಾಗೆ ಕೈ ಆಡಿಸಿ ಪುಸ್ತಕ ಮುಚ್ಚಿದಳು. ಹತ್ತು ಹೆಜ್ಜೆಯ ದಾರಿ, ತಲೆಯಲ್ಲಿಟ್ಟುಕೊಂಡು ಹೋಗಿ ಬರೆದರಾಯಿತು. ಆ ಹತ್ತು ಹೆಜ್ಜೆಯಲ್ಲಿ ಅವರು ಹೇಳಿದರು, ಹುಲ್ಲನ್ನು ನೋಡುತ್ತ, ಹವೆಯ ಬಗ್ಗೆ ಹೇಳುವ ಹಾಗೆ: "ನಿಮ್ಮ ರಿಜಿಸ್ಟರ್ ನೋಡ್ತಿದ್ದೆ ನಿನ್ನೆ. ನೀವು ಬಂದಾಗಿನಿಂದ ಒಂದು ಪುಟದಲ್ಲೂ ಕಾಟು ಇಲ್ಲ, ಹೊಡೆದುಹಾಕಿ ತಿದ್ದಿದ್ದೇ ಇಲ್ಲ. ನಾನು ಹದಿನಾಲ್ಕು ವರ್ಷದಲ್ಲಿ ಅಂಥ ಪುಟ ಬರೆದಿಲ್ಲ." ಆಮೇಲೆ ಮೇಜಿನ ಮುಂದೆ ಕೂತಾಗ ತಲೆಯಲ್ಲಿ ಆ ಮಾತು ಬಿಟ್ಟರೆ ಇನ್ನೇನೂ ಇರಲಿಲ್ಲ. ಮೂರು ಇತ್ತು, ಆರು ಇತ್ತು, ಪಾಯಿಂಟ್ ಎರಡು ಇತ್ತು. ಕೇಳಬಹುದಿತ್ತು. ಕಾಟು ಇಲ್ಲದ ಪುಟದವಳು ಹೇಗೆ ಕೇಳುವುದು? ಮೂವತ್ತಾರು ಪಾಯಿಂಟ್ ಎರಡು ಎಂದು ದುಂಡಗೆ ಬರೆದಳು, ಎಂದಿಗಿಂತ ದುಂಡಗೆ. ಅದನ್ನೇ ಫೋನಿನಲ್ಲೂ ಹೇಳಿದಳು. ಮನೆಗೆ ಬಂದು ಡೈರಿ ತೆರೆದಾಗ ಕೈ ತಾನಾಗಿ ಅರವತ್ತಮೂರು ಪಾಯಿಂಟ್ ಎರಡು ಎಂದು ಬರೆಯಿತು. ಅವರ ದನಿ ಸಮೇತ ಬಂತು ಅಂಕಿ. ಮರೆತದ್ದಕ್ಕೆ ಅವಳು ತನ್ನನ್ನು ಯಾವತ್ತೋ ಕ್ಷಮಿಸಿಕೊಂಡಿದ್ದಳು. ನೆನಪಾದ ಮೇಲೂ, ಮರುದಿನ ಬೆಳಿಗ್ಗೆ ರಿಜಿಸ್ಟರ್ ತೆರೆದು, ಆ ದುಂಡನೆಯ ಅಂಕಿಯನ್ನು ನೋಡಿ, ಹೊಸ ಪುಟ ಮಗುಚಿದಳಲ್ಲ, ಅದಕ್ಕೆ ಏನೆನ್ನುವುದು?

ತನಿಖೆಗೆ ಬಂದವರು ದೊಡ್ಡ ದನಿಯವರು. ತನ್ನಷ್ಟಕ್ಕೆ ತಾನೇ ಗೆರೆ ಎಳೆಯುವ ಇನ್ನೊಂದು ಮಾಪಕದ ಹಾಳೆಯನ್ನು ಮೇಜಿನ ಮೇಲೆ ಹರಡಿ, ರಿಜಿಸ್ಟರಿನ ಪಕ್ಕದಲ್ಲಿಟ್ಟು, "ಇದು ಅರವತ್ತು ದಾಟಿದೆ, ಅದು ಮೂವತ್ತಾರು. ಉಳಿದದ್ದನ್ನ ಯಾರು ಕುಡಿದ್ರು? ಕೂಗಿದವರು ಯಾರು, ಬರೆದವರು ಯಾರು?" ಎಂದರು. ಅವಳು ಬಾಯಿ ತೆರೆದಳು. ತೆರೆದದ್ದು ನಿಜ, ಆಮೇಲೆ ಎಷ್ಟೋ ಸಲ ಆ ಕ್ಷಣಕ್ಕೆ ಹಿಂತಿರುಗಿ ನೋಡಿದಾಗಲೂ ಬಾಯಿ ತೆರೆದೇ ಇತ್ತು. ಆದರೆ ಅವರು, "ನಾನೇ ತಪ್ಪು ಕೂಗಿರಬೇಕು. ಮೂರು ಸಲ ತುಂಬಿ ಅಳೆದದ್ದು, ಕೂಡಿಸುವಾಗ ತಪ್ಪಿರಬೇಕು" ಎಂದುಬಿಟ್ಟರು. ಬೆಟ್ಟದ ಮೇಲಿನ ಕೇಂದ್ರಕ್ಕೆ ಯಾರನ್ನಾದರೂ ಕಳಿಸಲೇಬೇಕಿತ್ತು, ಒಂಟಿ ಠಾಣೆ, ಯಾರೂ ಒಪ್ಪುತ್ತಿರಲಿಲ್ಲ. ಯಾರನ್ನು ಎಂಬುದಕ್ಕೆ ಆ ಒಂದು ಸಾಲು ಸಾಕಾಯಿತು. ತನಿಖೆಯವರು ಹೋಗುವಾಗ ಆ ಗೆರೆ ಎಳೆಯುವ ಮಾಪಕವನ್ನೂ ರಿಪೇರಿಗೆಂದು ಜೀಪಿನಲ್ಲಿ ಹೊತ್ತುಕೊಂಡು ಹೋದರು. ಅಂಕಿ ತಿದ್ದಲಿಲ್ಲ, ಪಕ್ಕದಲ್ಲಿ ಒಂದು ಪ್ರಶ್ನೆಚಿಹ್ನೆ ಹಾಕಿ ಫೈಲು ಮುಚ್ಚಿದರು. ತಪ್ಪು ಕೂಗಿದ್ದು ತಾನೇ ಎಂದು ಅವರು ನಿಜವಾಗಿ ನಂಬಿದ್ದರೋ? ಹದಿನಾಲ್ಕು ವರ್ಷ ಗಾಜು ನೋಡಿದ ಕಣ್ಣನ್ನು ಅವರೇ ಅನುಮಾನಿಸುವ ಹಾಗೆ ಮಾಡಿದೆನೋ? ಆ ತಿಂಗಳಿನಿಂದ ಅವರು ಪ್ರತಿ ಅಂಕಿಯನ್ನೂ ಎರಡು ಸಲ ನೋಡಿ ಕೂಗತೊಡಗಿದ್ದರು. ಅವಳಿಗೆ ತಡೆಯಲಾಗದಿದ್ದದ್ದು ಅದು.

ಬಂಕಿನಿಂದ ಹೊರಟು ರೈಲ್ವೆ ಗೇಟಿಗೆ ಬರುವಷ್ಟರಲ್ಲಿ ಗೇಟು ಹಾಕಿತ್ತು. ಉದ್ದ ಸಾಲು. ಎಂಜಿನ್ ಆರಿಸಿದಳು. ಪಕ್ಕದ ಸ್ಕೂಟರಿನಲ್ಲಿ ಗಂಡ ಹೆಂಡತಿ ಒಂದೇ ಪ್ಲಾಸ್ಟಿಕ್ ಹಾಳೆ ಹೊದ್ದು ಕೂತಿದ್ದರು. "ಒಂದಲ್ಲ, ಎರಡು ರೈಲಂತೆ," ಎಂದ ಗಂಡ. "ನಿಮ್ಮ ಹಿಂದೆ ಬಂದವಳಿಗೆ ಮೂರು ರೈಲು ಬಿಡ್ತಾರೆ ಬಿಡಿ," ಎಂದಳು ಹೆಂಡತಿ, ಹಾಳೆಯೊಳಗಿನಿಂದ. ಮಳೆಯ ಸದ್ದು ಬಿಟ್ಟರೆ ಇನ್ನೇನೂ ಇಲ್ಲದ ಆ ಬಿಡುವಿನಲ್ಲಿ, ಎಲ್ಲೋ ಒಂದು ಟ್ರಕ್ಕಿನ ಬಾನೆಟ್ ಮುಚ್ಚಿದ ಸದ್ದು ಕೇಳಿತು: ಟಣ್. ಅವಳ ಬೆನ್ನು ನೆಟ್ಟಗಾಯಿತು. ಆಲಿಕೆಯ ಸದ್ದು. ಪ್ರತಿದಿನ ಅಳತೆ ಮುಗಿದು, ಶೀಸೆಯನ್ನು ಒಳಗಿಟ್ಟು, ಆಲಿಕೆ ಕೂರಿಸಿದಾಗ ಬರುವ ಸದ್ದು. ಇವತ್ತು ಅದು ಕೇಳಿಸಿತ್ತೇ?

ಇವತ್ತು ಅವರು ಕೊನೆಯ ಸಲ ಕೂಗಿದರು, ನಾಲ್ಕು ಪಾಯಿಂಟ್ ಎಂಟು. ತಿರುಗಿ ಹೇಳಿದಳು. ಬರೆದಳು, ಮೊನೆ ಮುರಿಯಲಿಲ್ಲ. ಈಗ, ಎಂದುಕೊಂಡಳು. ಅಷ್ಟರಲ್ಲಿ ಒಳಗೆ ಫೋನು ಹೊಡೆದುಕೊಂಡಿತು. ಅವರು ಖಾಲಿ ಶೀಸೆಯನ್ನು ಅವಳ ಕೈಗಿಟ್ಟು, "ನಾಳೆಯಿಂದ ನಿಮ್ಮದೇ, ಇವತ್ತೇ ಇಟ್ಟು ನೋಡಿ" ಎಂದು ಒಳಗೆ ಓಡಿದರು. ಅವಳು ತಣ್ಣನೆಯ ಶೀಸೆಯನ್ನು ಎರಡೂ ಕೈಯಲ್ಲಿ ಹಿಡಿದು ಹುಲ್ಲಿನ ಮೇಲೆ ನಿಂತು ವಾಕ್ಯವನ್ನು ಜೋಡಿಸಿಕೊಂಡಳು. ಸರ್, ಆವತ್ತು ನೀವು ಸರಿಯಾಗೇ ಕೂಗಿದ್ದಿರಿ. ಇಷ್ಟೇ. ಐದು ಪದ. ವಾಕ್ಯ ಚೆಲ್ಲಿಹೋಗುವ ಮೊದಲೇ ತಲುಪಿಸಬೇಕೆಂದು ಅದನ್ನು ಹೊತ್ತುಕೊಂಡು ಒಳಗೆ ನಡೆದಳು, ಮತ್ತೆ ಅದೇ ಹತ್ತು ಹೆಜ್ಜೆ. ಅವರು ಫೋನಿನಲ್ಲಿದ್ದರು. ಸಂಜೆಯ ಅಂಕಿ ಕೊಟ್ಟು, ಬೆಟ್ಟದ ಮೇಲೆ ಸೀಮೆಎಣ್ಣೆ ಸಿಗುತ್ತದೋ ಎಂದು ವಿಚಾರಿಸುತ್ತಿದ್ದರು. ಕೈಯಲ್ಲಿದ್ದುದನ್ನು ಕಿಟಕಿಯ ಕಟ್ಟೆಯ ಮೇಲೆ ಇಟ್ಟಳು. ಅವರು ಫೋನಿಟ್ಟು ತಿರುಗಿ, "ಹೊರಡಿ, ಜೋರಾಗುತ್ತೆ ಇದು. ಗಾಡಿ ಹುಷಾರು," ಎಂದರು. ಹೂಂ ಸರ್, ಎಂದಳು. ಕಿಟಕಿಯ ಕಟ್ಟೆ. ಶೀಸೆ ಈಗಲೂ ಕಿಟಕಿಯ ಕಟ್ಟೆಯ ಮೇಲಿದೆ, ಒಳಗೆ, ಬೆಚ್ಚಗೆ, ಒಣಗಿ. ಮಾಪಕದ ತಳ ತುಕ್ಕು ತಿಂದು ಜರಡಿಯಾಗಿದೆ. ಈ ಮಳೆಯೆಲ್ಲ ಮಾಪಕದಲ್ಲಿ ಇಳಿದು ನೇರ ಮಣ್ಣಿಗೆ ಹೋಗುತ್ತಿದೆ.

"ಏನಾಯ್ತಮ್ಮ?" ಎಂದಳು ಸ್ಕೂಟರಿನ ಹೆಂಡತಿ. ಅವಳು ಆಗಲೇ ಗಾಡಿಯನ್ನು ತಿರುಗಿಸುತ್ತಿದ್ದಳು. "ಒಂದು ಮರೆತೆ." "ಏನು?" "ಮರೆತೆ!" ಎಂದಳು. ಒಂದೇ ಒದೆತಕ್ಕೆ ಸ್ಟಾರ್ಟ್ ಆಯಿತು. ಹೆದರಿಕೆಯೂ ಇತ್ತು, ಅದೇ ಹೊತ್ತಿಗೆ ಒಂದು ಖುಷಿಯೂ. ಅವರ ಬಸ್ಸು ಆರೂ ಇಪ್ಪತ್ತಕ್ಕೆ ಕೇಂದ್ರದ ಎದುರಿಗೇ ಬರುವುದು, ಮಳೆಗೆ ತಡವಾದರೂ ಆದೀತು. ಈಗ ಅವಳಿಗೆ ಹೋಗುವುದಕ್ಕೆ ಒಂದು ಕಾರಣವಿತ್ತು. ಬೇಕೆಂದೇ ಮರೆತೆನೇ? ಈ ಪ್ರಶ್ನೆ ಎದ್ದೊಡನೆ ಗಾಡಿ ಒಂದಿಷ್ಟು ವಾಲಿತು. ಬಿಳಿ ಪಟ್ಟೆಯ ಮೇಲೆ ಚಕ್ರ ಹತ್ತಿತ್ತು. ಗೇರ್ ಇಳಿಸಿದಳು. ಇಲ್ಲ, ಅಷ್ಟು ಧೈರ್ಯ ಇರುವವಳಾಗಿದ್ದರೆ ಮರೆಯುವ ಅಗತ್ಯವೇ ಇರಲಿಲ್ಲ.

ಬಂಕು ದಾಟಿದ ತಿರುವಿನಲ್ಲಿ ಬಸ್ಸು ಎದುರಾಯಿತು. ಮೊದಲು ಎರಡು ಹಳದಿ ದೀಪ, ಆಮೇಲೆ ಹಣೆಯ ಮೇಲೆ ಬೆಟ್ಟದೂರಿನ ಬೋರ್ಡು, ಆಮೇಲೆ ಸಾಲಾಗಿ ಮುಚ್ಚಿದ ಕಿಟಕಿಗಳು, ಎಲ್ಲವೂ ಮಂಜು, ಒಂದರಲ್ಲಿ ಯಾರೋ ಬೆರಳಿನಿಂದ ಒರೆಸಿದ ರೂಪಾಯಿಯಗಲದ ಕಿಂಡಿ. ಕಿಂಡಿಯ ಹಿಂದೆ ಕನ್ನಡಕವಿತ್ತೋ, ದೀಪದ ಹೊಳಪೋ. ಬಸ್ಸು ಹಾದುಹೋಗಿ ರಸ್ತೆಯ ಕೆಸರುನೀರನ್ನೆಲ್ಲ ಎತ್ತಿ ಅವಳ ಮೇಲೆ ಸುರಿಯಿತು. ರಸ್ತೆ ಬದಿಗೆ ನಿಲ್ಲಿಸಿದಳು. ಗೇಟು ಹಾಕಿದೆ, ಎರಡು ರೈಲು. ಬಸ್ಸು ಆ ಸಾಲಿನ ಕೊನೆಗೆ ಹೋಗಿ ನಿಲ್ಲುತ್ತದೆ, ಕಡಿಮೆಯೆಂದರೆ ಐದು ನಿಮಿಷ. ಈಗ ತಿರುಗಿದರೆ ಎರಡೇ ನಿಮಿಷ. ಕಿಟಕಿ ತಟ್ಟಬಹುದು. ಕಿಟಕಿಗಳನ್ನು ಒಂದೊಂದಾಗಿ ತಟ್ಟಬಹುದು. ಒಳಗಿನವರೆಲ್ಲ ತಿರುಗಿ ನೋಡುತ್ತಾರೆ, ಕಂಡಕ್ಟರ್ ಏನಮ್ಮ ಅನ್ನುತ್ತಾನೆ, ಅವರು ಗಾಜು ಸರಿಸಿ ಕಿವಿ ಈಚೆ ಮಾಡುತ್ತಾರೆ. ಆ ಐದು ನಿಮಿಷವೂ ಮಳೆ ಮಾಪಕದಿಂದ ಮಣ್ಣಿಗೆ ಇಳಿಯುತ್ತಿರುತ್ತದೆ. ಅವಳು ಇಂಡಿಕೇಟರ್ ಹಾಕಿದಳು, ಬಲಕ್ಕೆ, ತಿರುಗುವುದಕ್ಕೆ. ಅದು ಟಿಕ್ ಟಿಕ್ ಎಂದು ಹನ್ನೆರಡು ಸಲ ಮಿನುಗಿತು, ಎಣಿಸಿದಳು. ಆಫ್ ಮಾಡಿ ನೇರ ಹೋದಳು. ಮಳೆ ಕಾಯುವುದಿಲ್ಲವಲ್ಲ, ಎಂದು ಹೇಳಿಕೊಂಡಳು. ಹೇಳಿಕೊಂಡದ್ದು ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ ಎಂಬುದು ಅವಳಿಗೆ ತಿಳಿದಿತ್ತು.

ಕೇಂದ್ರದ ದೀಪ ಆರಿತ್ತು. ಹುಲ್ಲಿಗೆ ಓಡಿ ಆಲಿಕೆ ಎತ್ತಿದರೆ ಒಳಗೆ ಶೀಸೆ ಇತ್ತು. ತಳದಲ್ಲಿ ಎರಡು ಬೆರಳು ನೀರು, ಮೇಲಿನಿಂದ ಹನಿ ಬಿದ್ದಾಗಲೆಲ್ಲ ನಡುಗುತ್ತಿತ್ತು. ಅವಳು ಆಲಿಕೆಯನ್ನು ಮೆಲ್ಲಗೆ ಕೂರಿಸಿದಳು. ಟಣ್. ತನ್ನ ಕೀಲಿಯಿಂದ ಬಾಗಿಲು ತೆಗೆದು, ದೀಪ ಹಾಕಿ, ನೀರಿಳಿಯುವ ಕೋಟಿನಲ್ಲೇ ಮೇಜಿನ ಹತ್ತಿರ ಹೋದಳು. ರಿಜಿಸ್ಟರು ಇವತ್ತಿನ ಪುಟಕ್ಕೆ ತೆರೆದಿತ್ತು. ಷರಾ ಬರೆಯುವ ಅಂಕಣದಲ್ಲಿ ಅವರ ಎಡಕ್ಕೆ ಬಾಗಿದ ಅಕ್ಷರ: 'ಸಂಜೆ 5.35ರಿಂದ 6.15ರವರೆಗೆ ಶೀಸೆ ಇಟ್ಟಿರಲಿಲ್ಲ. ನಲವತ್ತು ನಿಮಿಷದ ಮಳೆ ಅಳತೆಯಾಗಿಲ್ಲ. ಮರೆವು ನನ್ನದು.' ಕೆಳಗೆ ರುಜು. ಅದರ ಮೇಲೆ, ಪುಟ ಹಾರದ ಹಾಗೆ ಭಾರಕ್ಕಿಟ್ಟಂತೆ, ಒಂದು ಪೆನ್ಸಿಲು. ಎತ್ತಿಕೊಂಡಳು. ಎರಡೂ ತುದಿಯನ್ನು ಕೆತ್ತಿ ಮೊನೆ ಮಾಡಿದ್ದರು. ಬ್ಲೇಡಿನಿಂದ, ನಿಧಾನವಾಗಿ, ಬಸ್ಸಿಗೆ ಹೊತ್ತಾಗುತ್ತಿರುವಾಗ. ಒಂದು ಮುರಿದರೆ ಇನ್ನೊಂದು ಇರಲಿ ಎಂದು.

ಹಾಗಾದರೆ ಅವರು ನೋಡಿದ್ದರು. ಮೊನೆ ಮುರಿದದ್ದನ್ನು, ಸುಮ್ಮನೆ ಕೈ ಆಡಿಸಿದ್ದನ್ನು, ಪುಸ್ತಕ ಮುಚ್ಚಿದ್ದನ್ನು. ನೋಡಿಯೂ, ಅವಳ ಮುಖ ಬಾಡದಿರಲಿ ಎಂದೋ ಏನೋ, ಆ ಹತ್ತು ಹೆಜ್ಜೆಯಲ್ಲಿ ಕಾಟಿಲ್ಲದ ಪುಟದ ಮಾತಾಡಿದ್ದರು. ಅವರ ಕಣ್ಣಿನ ಮೇಲೆ ಅವರಿಗೆ ಅನುಮಾನವೇ ಬಂದಿರಲಿಲ್ಲ. ಆ ತಿಂಗಳಿನಿಂದ ಎರಡೆರಡು ಸಲ ನೋಡಿ ಕೂಗುತ್ತಿದ್ದದ್ದು ಅವಳಿಗೆ ಬರೆದುಕೊಳ್ಳಲು ಹೊತ್ತು ಸಿಗಲೆಂದು. ಅವಳು ಅವರ ಕುರ್ಚಿಯಲ್ಲಿ ಕೂತಳು, ಎಂದೂ ಕೂತಿರಲಿಲ್ಲ. ಇಲ್ಲಿಂದ ಅವಳ ಮೇಜು ಕಾಣುತ್ತಿತ್ತು, ಅವಳ ಕುರ್ಚಿ, ಕುರ್ಚಿಯ ಹಿಂದಿನ ಗೋಡೆ, ತಲೆ ಒರಗಿ ಒರಗಿ ಗೋಡೆಯ ಬಣ್ಣ ಮಾಸಿದ ಜಾಗ. ಎರಡೂವರೆ ವರ್ಷ ಅವರು ನೋಡುತ್ತಿದ್ದದ್ದು ಇದನ್ನು. ದೂರದಲ್ಲಿ ರೈಲು ಕೂಗಿತು, ಎರಡನೆಯದು.

ಪೆನ್ನು ತೆಗೆದಳು. 'ಮರೆವು ನನ್ನದು' ಎಂಬುದರ ಮೇಲೆ ಒಂದು ಅಡ್ಡಗೆರೆ ಎಳೆದು, ಅವರ ರುಜುವಿಗೆ ತಾಗದ ಹಾಗೆ, ಪಕ್ಕದಲ್ಲಿ ತನ್ನ ಹುದ್ದೆ ಬರೆದು ರುಜು ಹಾಕಿದಳು. ಆಮೇಲೆ ಪುಟಗಳನ್ನು ಹಿಂದೆ ಹಿಂದೆ ಮಗುಚಿ ಹತ್ತೊಂಬತ್ತಕ್ಕೆ ಬಂದಳು. ಮೂವತ್ತಾರು ಪಾಯಿಂಟ್ ಎರಡು ಪ್ರಶ್ನೆಚಿಹ್ನೆಯ ಪಕ್ಕದಲ್ಲಿ ಏನೂ ಗೊತ್ತಿಲ್ಲದ ಹಾಗೆ ದುಂಡಗೆ ಕೂತಿತ್ತು. ತನ್ನ ಅಂಕಿಯ ಮೇಲೆ ಅವಳ ಮೊದಲ ಕಾಟು. ಗೆರೆ ಸೊಟ್ಟಗಾಯಿತು, ಪಕ್ಕದಲ್ಲಿ ಅರವತ್ತಮೂರು ಪಾಯಿಂಟ್ ಎರಡು ಎಂದು ಬರೆದಳು. ಅಲ್ಲಿಗೆ ನಿಲ್ಲಿಸಿ ಮನೆಗೆ ಹೋಗಬಹುದಿತ್ತು. ಮುಂದಿನ ತನಿಖೆಯ ತನಕ ಈ ಪುಟವನ್ನು ಯಾರು ಮಗುಚುತ್ತಾರೆ? ಅದಕ್ಕೇ ಫೋನೆತ್ತಿದಳು. ಕೂಗಿದ್ದನ್ನು ಇನ್ನೊಬ್ಬರು ತಿರುಗಿ ಹೇಳದಿದ್ದರೆ ಅದು ಅಂಕಿಯೇ ಅಲ್ಲ. ಮುಖ್ಯ ಕಚೇರಿಯಲ್ಲಿ ಅಂಕಿ ಬರೆದುಕೊಳ್ಳುವ ಗುಮಾಸ್ತರಿಗೆ ಇಬ್ಬರೂ ಇಟ್ಟುಕೊಂಡಿದ್ದ ಹೆಸರು 'ಮತ್ತೊಮ್ಮೆ'. ಅವಳ ಫೋನಿಗೆ ಅವರ ಮೊದಲ ಮಾತು ಅದೇ ಆಗಿರುತ್ತಿತ್ತು.

"ಕೇಂದ್ರ ಹನ್ನೊಂದು," ಎಂದಳು.

"ಮತ್ತೊಮ್ಮೆ."

"ಕೇಂದ್ರ ಹನ್ನೊಂದು, ಸರ್."

"ಹನ್ನೊಂದು. ಏನಮ್ಮ, ನಿಮ್ಮದು ಆಗಲೇ ಬಂತಲ್ಲ, ನಾಲ್ಕು ಪಾಯಿಂಟ್ ಎಂಟು. ಅವರೇ ಕೊಟ್ರು."

"ತಿದ್ದುಪಡಿ ಇದೆ."

"ಏನಿದೆ? ಇಲ್ಲೂ ಹೊಡೀತಿದೆಯಮ್ಮ ಮಳೆ. ಗಂಟಲು ಬಿಟ್ಟು ಹೇಳಿ, ಸವೆದು ಹೋಗಲ್ಲ."

"ತಿದ್ದುಪಡಿ ಸರ್! ಇವತ್ತು, ಐದು ಮೂವತ್ತೈದರಿಂದ ಆರು ಹದಿನೈದು, ಶೀಸೆ ಇಟ್ಟಿರಲಿಲ್ಲ. ಮರೆತವಳು ನಾನು."

"ಐದು ಮೂವತ್ತೈದರಿಂದ ಆರು ಹದಿನೈದು, ಶೀಸೆ ಇಟ್ಟಿರಲಿಲ್ಲ, ಮರೆತವಳು ನಾನು," ಎಂದರು ಆ ದಪ್ಪ ದನಿಯಲ್ಲಿ, ಬರೆದುಕೊಳ್ಳುತ್ತ. "ಮುಂದೆ?"

"ಎಂಟು ವಾರದ ಹಿಂದೆ, ಹತ್ತೊಂಬತ್ತನೇ ತಾರೀಖು. ಮೂವತ್ತಾರು ಪಾಯಿಂಟ್ ಎರಡು ಅಲ್ಲ. ಅರವತ್ತಮೂರು ಪಾಯಿಂಟ್ ಎರಡು."

"ಅದು ಮುಗಿದ ಕಥೆಯಲ್ವೇನಮ್ಮ? ಅವರು ತಪ್ಪು ಕೂಗಿದ್ದು ಅಂತ ಫೈಲು ಮುಚ್ಚಾಯ್ತು."

"ಅವರು ಸರಿಯಾಗೇ ಕೂಗಿದ್ರು."

ತಂತಿಯಲ್ಲಿ ಮಳೆ ಕರಕರ ಅಂದಿತು. "ಮತ್ತೊಮ್ಮೆ," ಎಂದರು. ಈ ಸಲ ಅದು ಕೇಳಿಸದ ಮತ್ತೊಮ್ಮೆಯೋ, ಕೇಳಿಸಿದ್ದೋ ತಿಳಿಯಲಿಲ್ಲ.

"ಅವರು ಸರಿಯಾಗೇ ಕೂಗಿದ್ರು! ನಾನು ತಿರುಗಿ ಹೇಳಿದ್ದೂ ಸರಿಯಾಗೇ. ಬರೆದದ್ದು ತಪ್ಪು. ಗೊತ್ತಾದ ಮೇಲೂ ತಿದ್ದಲಿಲ್ಲ." ದನಿ ಕೋಣೆಯನ್ನೆಲ್ಲ ತುಂಬಿ ತಗಡಿನ ಬೀರುವಿಗೆ ಬಡಿದು ವಾಪಸು ಬಂತು. ಇದು ಯಾರ ದನಿ ಎಂದು ಅವಳೇ ತಿರುಗಿ ನೋಡುವ ಹಾಗಿತ್ತು.

ಗುಮಾಸ್ತರು ಪ್ರತಿ ವಾಕ್ಯವನ್ನೂ ನಿಯಮದಂತೆ ತಿರುಗಿ ಹೇಳಿದರು. ಅವರು ಸರಿಯಾಗೇ ಕೂಗಿದ್ರು. ಬರೆದದ್ದು ತಪ್ಪು. ಗೊತ್ತಾದ ಮೇಲೂ ತಿದ್ದಲಿಲ್ಲ. ಅವಳು ಕಣ್ಣು ಮುಚ್ಚಿ ಕೇಳಿಸಿಕೊಂಡಳು. ಆಮೇಲೆ, ನಿಯಮದಲ್ಲಿಲ್ಲದ ದನಿಯಲ್ಲಿ, "ನಿಮಗಿನ್ನೂ ಕೆಲಸ ಖಾಯಂ ಆಗಿಲ್ಲ ಅಲ್ವೇನಮ್ಮ? ಇದನ್ನ ಬರ್ಕೊಳ್ಳಲೇಬೇಕಾ? ನನಗೆ ಕೇಳಿಸಿಲ್ಲ ಅಂತ ಬೇಕಾದ್ರೆ ಇಟ್ಬಿಡ್ತೀನಿ. ಮಳೆ ಹೇಗೂ ಇದೆ."

"ಬರ್ಕೊಳ್ಳಿ ಸರ್."

"ಅವರೇನೂ ಇದರಿಂದ ಬಸ್ಸಿಳಿದು ಬರಲ್ಲ."

"ಗೊತ್ತು."

"ಬರ್ಕೊಂಡೆ," ಎಂದರು. ಇಡುವ ಮೊದಲು, "ಹುಷಾರಾಗಿ ಹೋಗಿ," ಎಂದರು.

ಮತ್ತೆ ಗೇಟಿಗೆ ಬಂದಾಗ ಗೇಟು ತೆರೆದಿತ್ತು, ಸಾಲು ಕರಗಿತ್ತು, ಹಳಿಗಳು ಖಾಲಿ ಹೊಳೆಯುತ್ತಿದ್ದವು. ಹಳಿ ದಾಟಿದ ಮೇಲೆ ರಸ್ತೆ ಎರಡಾಗುತ್ತದೆ, ಎಡಕ್ಕೆ ಮನೆ, ಬಲಕ್ಕೆ ಬೆಟ್ಟದ ದಾರಿ. ಬಲಕ್ಕೆ, ದೀಪದ ಬೆಳಕಿನಲ್ಲಿ, ಎರಡು ಅಗಲದ ಚಕ್ರದ ಗೆರೆಗಳು ಮಣ್ಣಿನಂಚನ್ನು ಒತ್ತಿಕೊಂಡು ತಿರುಗಿದ್ದವು. ಬಸ್ಸಿನದೇ ಇರಬೇಕು. ಅವಳು ನಿಲ್ಲಿಸಿ, ಒಂದು ಕಾಲು ನೆಲಕ್ಕೆ ಕೊಟ್ಟು, ಆ ಗೆರೆಗಳು ಅಂಚಿನಿಂದ ತುಂಬಿಕೊಂಡು, ಹೊಳೆದು, ನೀರಿಗೆ ನೀರಾಗುವ ತನಕ ನೋಡಿದಳು. ಅರವತ್ತಮೂರು ಪಾಯಿಂಟ್ ಎರಡು, ಎಂದು ಹೆಲ್ಮೆಟ್ಟಿನೊಳಗೆ ಗಟ್ಟಿಯಾಗಿ ಕೂಗಿದಳು. ಗಾಜು ಮಂಜಾಯಿತು. ಎಡಕ್ಕೆ ತಿರುಗಿದಳು.

ಅತ್ತೆ ಜಗುಲಿಯಲ್ಲೇ ನಿಂತಿದ್ದರು, ಮಂಡಿಗೆ ಬಟ್ಟೆ ಸುತ್ತಿಕೊಂಡು. "ರೈಲ್ವೆ ಗೇಟಿನ ತನಕ ಬಂದಂಗಾಯ್ತು, ಮತ್ತೆ ವಾಪಸು ಹೋದಂಗಾಯ್ತು ಅಂತ ಅಂದ್ಕೊಂಡೆ. ನನ್ನ ಮುದುಕನ ಕೆಮ್ಮು ನನಗೆ ಗೊತ್ತಾಗಲ್ವಾ? ಎಲ್ಲಿಗೆ ಮೆರವಣಿಗೆ ಮಾಡಿಸ್ದೆ ಅವನನ್ನ?" ಬಗ್ಗಿ ಎಂಜಿನ್ ಮುಟ್ಟಿ, ಚುರ್ ಎಂದು ಕೈ ತೆಗೆದು, ಆಮೇಲೆ ಅವಳ ಕೆನ್ನೆ ಮುಟ್ಟಿದರು. "ಇವನು ಕಾದಿದಾನೆ, ನೀನು ಐಸ್ ಪೆಟ್ಟಿಗೆ ಆಗಿದೀಯ. ಕೋಟಿನ ಗುಂಡಿ ಹಾಕ್ಕೊಳ್ಳೋಕೂ ಮರೆವಾ?" ನೋಡಿಕೊಂಡರೆ ಹೌದು, ಮೇಲಿನ ಮೂರು ಗುಂಡಿ ತೆರೆದಿದ್ದವು. ಕೇಂದ್ರದಿಂದ ಹೊರಟಾಗಿನಿಂದ ತೆರೆದೇ ಇರಬೇಕು. ಒಳಗಿನ ಅಂಗಿ ಮೈಗೆ ಅಂಟಿತ್ತು.

"ಸರಿ, ಎಷ್ಟು ಬಿತ್ತು ಇವತ್ತು?"

"ನಾಲ್ಕು ಪಾಯಿಂಟ್ ಎಂಟು. ಆಮೇಲೆ ನಲವತ್ತು ನಿಮಿಷದ್ದು ಗೊತ್ತಿಲ್ಲ ಅತ್ತೆ. ಅಳೆದಿಲ್ಲ."

"ಅಳೆದಿಲ್ಲ ಅಂದ್ರೆ?"

"ನಾನು ಮರೆತೆ. ಅದು ಎಲ್ಲೂ ಇಲ್ಲ."

ಅತ್ತೆ ಅವಳನ್ನು ತಲೆಯಿಂದ ಕಾಲಿನ ತನಕ ನೋಡಿದರು. "ಎಲ್ಲೂ ಇಲ್ವಂತೆ! ಅಷ್ಟನ್ನೂ ಹೊತ್ಕೊಂಡು ಬಂದು ನನ್ನ ಜಗುಲಿ ತುಂಬಾ ಸುರೀತಾ ನಿಂತಿದೀಯಲ್ಲೇ," ಎಂದು ಬಾಗಿಲ ಹಿಂದಿನ ಬಕೆಟ್ಟನ್ನು ಕಾಲಿನಿಂದ ಮುಂದೆ ತಳ್ಳಿದರು. "ಇದರ ಮೇಲೆ ಹಿಂಡು. ಹಿಂಡಿ ಅಳ್ಕೊ. ನಿನ್ನ ಕಚೇರಿಯವರು ಕೇಳಿದ್ರೆ ನಮ್ಮನೇಲಿದೆ, ಬಂದು ತಗೊಂಡ್ಹೋಗಿ ಅನ್ನು." ಹೇಳಿ ತಾವೇ ದೊಡ್ಡದಾಗಿ ನಕ್ಕರು.

ಅವಳು ಕೋಟು ಕಳಚಿದಳು. ಅಂಗಿಯ ತೋಳನ್ನು ತುದಿಯಿಂದ ಹಿಂಡಿದಳು, ಆಮೇಲೆ ಇನ್ನೊಂದು ತೋಳು, ಆಮೇಲೆ ಅಂಚು, ಆಮೇಲೆ ಜಡೆ. ಖಾಲಿ ಬಕೆಟ್ಟಿನ ತಳದಲ್ಲಿ ನೀರು ಮೊದಲು ಸದ್ದು ಮಾಡಿ ಬಿತ್ತು, ಆಮೇಲೆ ಸದ್ದು ಕಡಿಮೆಯಾಯಿತು. ಕೊನೆಯ ಹನಿಯೂ ಬಿದ್ದ ಮೇಲೆ ಅವಳು ಕಣ್ಣನ್ನು ಒರೆಸಿಕೊಂಡು, ಅವರ ಹಾಗೇ ಒಂದು ಮೊಣಕಾಲನ್ನು ನೆಲಕ್ಕೆ ಊರಿ, ತಲೆಯನ್ನು ಬಕೆಟ್ಟಿನ ಮಟ್ಟಕ್ಕೆ ತಂದು, ನೀರು ಅಲುಗುವುದು ನಿಲ್ಲುವ ತನಕ ಕಾದಳು. ಒಂದು ಸಲ ನೋಡಿದಳು. ಮತ್ತೆ ಎರಡನೇ ಸಲ ನೋಡಿದಳು, ಬರೆದುಕೊಳ್ಳುವವರಿಗೆ ಹೊತ್ತು ಸಿಗಲಿ ಎನ್ನುವ ಹಾಗೆ. ಅತ್ತೆಯ ನಗು ಎಲ್ಲೋ ನಡುವೆ ನಿಂತುಹೋಗಿತ್ತು. ಅವರು ಟವೆಲನ್ನು ಎರಡೂ ಕೈಯಲ್ಲಿ ಅಗಲಿಸಿ ಹಿಡಿದು, ಅವಳು ಏಳುವುದನ್ನು ಕಾಯುತ್ತಿದ್ದರು.